ಕಟ್ಟಿನಡಿಯ ಸಹಿ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದವರು ಕೆಂಪು ಬಾಳೆಹಣ್ಣು ಕೊಂಡು ಬರುತ್ತಾರೆ. ನಾನು ಹೋದದ್ದು ಫೋಟೊಗಳಿಗೆ ಕಟ್ಟು ಹಾಕುವ ಕಾಕಾ ಒಬ್ಬರನ್ನು ನೋಡಲು. ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಹಳೆಯ ಕ್ಯಾಲೆಂಡರ್ ಚಿತ್ರವೊಂದನ್ನು ಬಿಡಿಸಿ, ಅಂಗೈಯಿಂದ ಧೂಳು ಒರೆಸಿ ಮುಂದಿಟ್ಟರು. ದೇವಿಯ ಮುಖ. ಬೆಳಕು ಒಂದೇ ಕಡೆಯಿಂದ ಬಿದ್ದು ಅರ್ಧ ಕೆನ್ನೆ ಹೊಳೆಯುತ್ತಿದೆ, ಇನ್ನರ್ಧ ಕಂದು ನೆರಳಲ್ಲಿ ಕರಗಿದೆ.

"ಪಂಡಿತರ ಕೈ ನೋಡ್ರಿ. ಈಗ ಕಣ್ಣು ಮಿಟಕಸ್ತಾಳ ಅನಸ್ತದ."

ಎಸ್.ಎಂ. ಪಂಡಿತ್ 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 'ಫಿಲ್ಮ್‌ಇಂಡಿಯಾ' ಪತ್ರಿಕೆಗೆ ಚಿತ್ರ ಬರೆದರು. 1949ರ 'ಬರ್ಸಾತ್' ಸಿನಿಮಾದ ಪ್ರಚಾರಚಿತ್ರವೂ ಅವರದೇ. ಆಮೇಲೆ ಊರಿಗೆ ಮರಳಿದರು, 1993ರಲ್ಲಿ ತೀರಿಕೊಂಡರು.

ದೇವಿಯ ಮುಖದ ಆ ನೆರಳು-ಬೆಳಕಿನ ಬೇರು ಇರುವುದು ಇಟಲಿಯಲ್ಲಿ. ಐನೂರು ವರ್ಷಗಳ ಹಿಂದೆ ಅಲ್ಲಿನ ಚಿತ್ರಕಾರರು, ನಾಣ್ಯದ ಮೇಲಿನಂತೆ ಪಕ್ಕಕ್ಕೆ ತಿರುಗಿದ್ದ ಮುಖವನ್ನು ನೋಡುವವರ ಕಡೆ ಮುಕ್ಕಾಲು ಪಾಲು ಹೊರಳಿಸಿದರು. ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ಹಾಗಾಗಿ ಪದರದ ಮೇಲೆ ಪದರ ಬಳಿದು, ಗೆರೆಯೇ ಕಾಣದಂತೆ ಚರ್ಮವನ್ನು ನೆರಳಿಗೆ ಸೇರಿಸಬಹುದು. ಲಿಯೊನಾರ್ಡೊನ ಮೊನಾಲಿಸಾಳ ತುಟಿಯಂಚು ಹಿಡಿಯಲು ಸಿಗದಿರುವುದು ಇದರಿಂದಲೇ. ಬ್ರಿಟಿಷರ ಕಲಾಶಾಲೆಗಳ ಹಾದಿಯಲ್ಲಿ ಬಂದ ಈ ವಿದ್ಯೆಯನ್ನು ಪಂಡಿತರು ನಮ್ಮ ಪುರಾಣದವರ ಮೈಮೇಲೆ ತಂದರು.

ಮೊನಾಲಿಸಾ ಚಿತ್ರದಲ್ಲಿ ಬರೆದವನ ಸಹಿಯಿಲ್ಲ. ಆದರೂ ಅವನ ಹೆಸರು ಲೋಕಕ್ಕೇ ಗೊತ್ತು. ನಮ್ಮದೇ ಜಿಲ್ಲೆಯ ಕನಗನಹಳ್ಳಿಯಲ್ಲಿ ಸಿಕ್ಕ ಕಲ್ಲಿನ ಕೆತ್ತನೆಯಲ್ಲಿ ರಾಜನ ಪಕ್ಕ 'ರಾಯೋ ಅಸೋಕೋ', ಅಂದರೆ ರಾಜ ಅಶೋಕ, ಎಂದಿದೆ; ಕೆತ್ತಿದವನ್ಯಾರೋ. ಪಂಡಿತರು ಮಾತ್ರ ಚಿತ್ರದ ಕೆಳಗೆ ಸಹಿ ಹಾಕುತ್ತಿದ್ದರು.

"ಮಂದಿ ತಾರೀಖಿನ ಹಾಳಿ ಕತ್ತರಿಸಿ, ದೇವರನ್ನಷ್ಟೇ ತರ್ತಿದ್ರು" ಎಂದರು ಕಾಕಾ. "ನಾ ಅದಕ್ಕ ಪಟ್ಟಿ ಬಡೀತಿದ್ದೆ. ಪಟ್ಟಿ ಅಡಿ ಸಹಿ ಹೋಗ್ತಿತ್ತು. ಎಷ್ಟು ಪಂಡಿತರನ್ನ ಮುಚ್ಚೀನೋ, ಲೆಕ್ಕ ಇಟ್ಟಿಲ್ಲ."

ಈಗ ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ನಾಟಕಕ್ಕೆ, ಸನ್ಮಾನಕ್ಕೆ ಜನ ಬರುತ್ತಾರೆ. ಪಂಡಿತರು ಯಾರೆಂದು ಮೊನ್ನೆ ಅಲ್ಲಿ ಹುಡುಗನೊಬ್ಬನನ್ನು ಕೇಳಿದರೆ, "ನಾಟಕದವರು ಇರಬೇಕ್ರಿ" ಎಂದ.

ಆ ದೇವಿಗೆ ಕಟ್ಟು ಹಾಕಿಕೊಡಿ, ಸಹಿ ಕಾಣಲಿ ಎಂದೆ. ಕಾಕಾ ಗಾಜನ್ನು ಅಳೆದು ನೋಡಿದರು, ಚಿತ್ರವನ್ನು ಬೆರಳಿನಿಂದ ಮೇಲಕ್ಕೆ ಸರಿಸಿದರು. ಕೆಳಗೆ ಅಕ್ಷರಗಳ ತಲೆಯಷ್ಟೇ ಕಂಡಿತು. ಇನ್ನೂ ಸರಿಸಿದರೆ ದೇವಿಯ ಕಿರೀಟ ಮುಚ್ಚುತ್ತಿತ್ತು.