ಚಿಪ್ಪು ಗಟ್ಟಿಯಾಗದ ಮೊಟ್ಟೆ: ಫಾರಂ ಬಿಟ್ಟು ಬಂದ ಕೋಳಿಯ ಆರೈಕೆ

ಮೊಟ್ಟೆ ಫಾರಂನಿಂದ ಬಿಡಿಸಿ ತಂದ ಕೋಳಿಗಳು ಹೊಸ ಜಾಗದಲ್ಲಿ ಮೊದಮೊದಲು ಮೆತ್ತನೆ ಮೊಟ್ಟೆ ಇಡುವುದು ಸಾಮಾನ್ಯ. ಕೆಲವು ಮೊಟ್ಟೆಗೆ ಕಾಗದದಷ್ಟು ತೆಳು ಚಿಪ್ಪಿರುತ್ತದೆ. ಇನ್ನು ಕೆಲವಕ್ಕೆ ಅದೂ ಇರದೆ, ಲೋಳೆ ಮತ್ತು ಹಳದಿಯನ್ನು ಬರೀ ಪೊರೆ ಹಿಡಿದುಕೊಂಡಿರುತ್ತದೆ. ಇಂಥವು ಗೂಡಿನಲ್ಲಿ ಸಿಗುವುದಕ್ಕಿಂತ ಕೋಳಿ ರಾತ್ರಿ ಕೂರುವ ಕೋಲಿನ ಕೆಳಗೆ ಬಿದ್ದು ಒಡೆದಿರುವುದೇ ಹೆಚ್ಚು.

ಬ್ರಿಟನ್‌ನಲ್ಲಿ ಈ ಸಮಸ್ಯೆ ಸಾವಿರಾರು ಮನೆಗಳಿಗೆ ಪರಿಚಿತ. ಅಲ್ಲಿನ ಫಾರಂಗಳು ಸುಮಾರು 72 ವಾರ ತುಂಬಿದ ಕೋಳಿಗಳನ್ನು ಲಾಭವಿಲ್ಲವೆಂದು ಕಸಾಯಿಖಾನೆಗೆ ಕಳಿಸುತ್ತವೆ. 2005ರಲ್ಲಿ ಶುರುವಾದ, ಈಗ ಬ್ರಿಟಿಷ್ ಹೆನ್ ವೆಲ್‌ಫೇರ್ ಟ್ರಸ್ಟ್ ಎಂಬ ಹೆಸರಿರುವ ಸಂಸ್ಥೆ ಅಂಥ ಕೋಳಿಗಳನ್ನು ಪಡೆದು ಮನೆಗಳಿಗೆ ಕೊಡುತ್ತದೆ. ಕರ್ನಾಟಕದಲ್ಲಿ ವಯಸ್ಸಾದ ಲೇಯರ್ ಕೋಳಿ ಸಾಮಾನ್ಯವಾಗಿ ಮಾಂಸದ ಅಂಗಡಿಗೇ ಹೋಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕಾರು ತಂದು ಹಿತ್ತಲಲ್ಲಿ ಬಿಟ್ಟುಕೊಂಡವರಿಗೂ ಇದೇ ತೊಂದರೆ ಎದುರಾಗುತ್ತದೆ.

ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಹಳದಿಗೆ ಲೋಳೆ ಸುತ್ತಿಕೊಂಡು ಪೊರೆ ಕಟ್ಟುವ ಕೆಲಸ ಐದಾರು ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ಸುಮಾರು 20 ಗಂಟೆ ಅಂಡನಾಳದ ಕೊನೆಯ ಭಾಗದಲ್ಲಿರುವ ಚಿಪ್ಪುಗ್ರಂಥಿಯಲ್ಲಿ ಕಳೆಯುತ್ತದೆ. ಚಿಪ್ಪಿನ ನೂರಕ್ಕೆ 94ರಷ್ಟು ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಚಿಪ್ಪಿಗೆ ಎರಡು ಗ್ರಾಂಗಿಂತ ತುಸು ಹೆಚ್ಚು ಕ್ಯಾಲ್ಸಿಯಂ ಬೇಕು. ಈ ಕೆಲಸದ ಬಹುಪಾಲು ನಡೆಯುವುದು ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ. ಆಗ ಕರುಳಿನಲ್ಲಿ ಉಳಿದದ್ದು ಸಾಲದೆ ಹೋದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಕಡ ತೆಗೆಯುತ್ತದೆ. ಇದಕ್ಕೆಂದೇ ಮೊಟ್ಟೆ ಇಡುವ ಹಕ್ಕಿಗಳ ಕಾಲಿನ ಮೂಳೆಗಳೊಳಗೆ ಬೇರೆಯದೇ ಒಂದು ಮೃದು ಮೂಳೆ ಬೆಳೆದಿರುತ್ತದೆ. ಹಗಲು ತುಂಬಿ, ರಾತ್ರಿ ಖಾಲಿಯಾಗುವ ಉಗ್ರಾಣ ಅದು.

ನಾಟಿ ಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ಲೇಯರ್ ತಳಿ ಮುನ್ನೂರು ದಾಟುತ್ತದೆ. ಅಂದರೆ ಎರಡು ಕಿಲೋ ಕೂಡ ತೂಗದ ಜೀವವೊಂದು ವರ್ಷಕ್ಕೆ ಅರ್ಧ ಕಿಲೋಗೂ ಮಿಗಿಲಾಗಿ ಕ್ಯಾಲ್ಸಿಯಂ ಹೊರಹಾಕುತ್ತದೆ. ಮೇಲಾಗಿ ವಯಸ್ಸಾದಂತೆ ಮೊಟ್ಟೆಯ ಗಾತ್ರ ಹಿಗ್ಗುತ್ತದೆ, ಅದಕ್ಕೆ ಸಿಗುವ ಸುಣ್ಣ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಚಿಪ್ಪು ತೆಳುವಾಗುತ್ತದೆ, ಸವೆದ ಮೂಳೆ ಸುಲಭವಾಗಿ ಮುರಿಯುತ್ತದೆ. ಹೊಸದಾಗಿ ತಂದ ಕೋಳಿಯನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಬಾರದು, ಕೂರುವ ಕೋಲನ್ನು ನೆಲದಿಂದ ಒಂದು ಅಡಿಗಿಂತ ಮೇಲೆ ಕಟ್ಟಬಾರದು ಎನ್ನುವುದು ಇದೇ ಕಾರಣಕ್ಕೆ.

ಜಾಗ ಬದಲಾದದ್ದೇ ಸಾಕು, ಕೆಲವು ದಿನ ಮೊಟ್ಟೆ ಕೆಡಲು. ಬೆದರಿದ ಕೋಳಿಯ ಚಿಪ್ಪುಗ್ರಂಥಿ ಕೆಲಸ ಮುಗಿಯುವ ಮುಂಚೆಯೇ ಮೊಟ್ಟೆಯನ್ನು ಹೊರದಬ್ಬಬಹುದು. ನಾಯಿ, ಬೆಕ್ಕು, ಪಟಾಕಿ, ಒಂದನ್ನೊಂದು ಕುಕ್ಕಿ ಯಜಮಾನಿಕೆ ತೀರ್ಮಾನಿಸಿಕೊಳ್ಳುವ ಜಗಳ, ರಾತ್ರಿ ಬಂದು ರಕ್ತ ಹೀರುವ ಕೆಂಪು ಉಣ್ಣೆ, ಇವೆಲ್ಲ ಬೆದರಿಕೆಯೇ. ಅದಕ್ಕೆ ಮದ್ದು ಎಂದರೆ ಸದ್ದಿಲ್ಲದ ಜಾಗ, ಮಬ್ಬು ಬೆಳಕಿನ ಗೂಡು ಮತ್ತು ಹೊತ್ತುಹೊತ್ತಿಗೆ ಮೇವು ನೀರು.

ಮೇವಿನ ವಿಷಯದಲ್ಲೇ ಹೆಚ್ಚಿನವರು ಎಡವುತ್ತಾರೆ. ಕೇಜಿನಲ್ಲಿ ಕಷ್ಟಪಟ್ಟು ಬಂದಿದೆ ಎಂಬ ಮರುಕಕ್ಕೆ ಅನ್ನ, ಜೋಳ, ತರಕಾರಿ ಸಿಪ್ಪೆ ಧಾರಾಳವಾಗಿ ಸುರಿಯುತ್ತಾರೆ. ಹೊಟ್ಟೆ ತುಂಬುತ್ತದೆ, ಸುಣ್ಣದಂಶ ಸಿಗುವುದಿಲ್ಲ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಕ್ಯಾಲ್ಸಿಯಂ ಬೇಕು, ಅದು ತಿನ್ನುವುದು 110ರಿಂದ 120 ಗ್ರಾಂ ಮೇವು. ಕ್ಯಾಲ್ಸಿಯಂಗೆ ಹೆಸರಾದ ರಾಗಿಯಲ್ಲೂ 100 ಗ್ರಾಂಗೆ ಇರುವುದು ಹೆಚ್ಚುಕಡಿಮೆ 350 ಮಿಲಿಗ್ರಾಂ. ಬರೀ ರಾಗಿಯಿಂದ ಲೆಕ್ಕ ಸರಿದೂಗಬೇಕಾದರೆ ಕೋಳಿ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ತಿನ್ನಬೇಕಾಗುತ್ತದೆ. ಆದ್ದರಿಂದ ನೂರಕ್ಕೆ ಮೂರೂವರೆಯಿಂದ ನಾಲ್ಕರಷ್ಟು ಕ್ಯಾಲ್ಸಿಯಂ ಇರುವ ಲೇಯರ್ ಫೀಡ್ ಮುಖ್ಯ ಮೇವಾಗಿರಬೇಕು. ಉಳಿದದ್ದೆಲ್ಲ ಸಂಜೆಯ ಒಂದು ಹಿಡಿಗೆ ಮೀರದಿದ್ದರೆ ಒಳ್ಳೆಯದು.

ಇದರ ಜೊತೆಗೆ ಸಿಂಪಿ ಅಥವಾ ಕಪ್ಪೆಚಿಪ್ಪಿನ ತರಿಯನ್ನು ಬೇರೆ ಬಟ್ಟಲಲ್ಲಿ ಇಡಬೇಕು, ಮೇವಿಗೆ ಬೆರೆಸಬಾರದು. ಬೇಕಾದಷ್ಟನ್ನು ಕೋಳಿಯೇ ಆರಿಸಿ ತಿನ್ನುತ್ತದೆ. ಮೊಟ್ಟೆ ನಿಲ್ಲಿಸಿದ ಕೋಳಿಗೂ ಹುಂಜಕ್ಕೂ ಕ್ಯಾಲ್ಸಿಯಂ ಅತಿಯಾದರೆ ಮೂತ್ರಪಿಂಡ ಕೆಡುತ್ತದೆ. ನುಣ್ಣನೆ ಪುಡಿಗಿಂತ ದಪ್ಪ ತರಿ ಮೇಲು, ಏಕೆಂದರೆ ಅದು ಹೊಟ್ಟೆಯ ಅರೆಯುವ ಚೀಲದಲ್ಲಿ ತಂಗಿ ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಮೊಟ್ಟೆಯ ಚಿಪ್ಪನ್ನೇ ಕೊಡುವುದಾದರೆ ಚೆನ್ನಾಗಿ ಹುರಿದು, ಗುರುತು ಸಿಗದಂತೆ ಪುಡಿ ಮಾಡಬೇಕು. ಎಲೆಯಡಿಕೆಯ ಸುಣ್ಣವನ್ನು ಮಾತ್ರ ಕೊಡಲೇಬಾರದು. ಸುಟ್ಟು ಅರಳಿಸಿದ ಆ ಸುಣ್ಣ ಬಾಯಿ ಮತ್ತು ಅನ್ನನಾಳವನ್ನು ಸುಡುತ್ತದೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಬಿಸಿಲೇ ಕಾಣದೆ ಬೆಳೆದ ಕೋಳಿಗೆ ಬಿಸಿಲಲ್ಲಿ ಮಣ್ಣು ಕೆದರಲು ಬಿಟ್ಟರೆ ಅದು ತಾನಾಗಿ ಸಿಗುತ್ತದೆ.

ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಮೇವು ಸರಿಯಿದ್ದರೂ ಚಿಪ್ಪು ತೆಳುವಾಗುವುದುಂಟು. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಣಿಯಬೇಕು. ಹಾಗೆ ಏದುವಾಗ ರಕ್ತದ ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕೊರತೆಯಾಗುತ್ತದೆ. ಮೇವು ತಿನ್ನುವುದೂ ತಗ್ಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಸೆಕೆಯಲ್ಲಿದ್ದ ಕೋಳಿಗಳಿಗೆ ಸೋಡಾ ನೀರು ಕುಡಿಸಿ ನೋಡಿದರು, ಚಿಪ್ಪು ಸುಧಾರಿಸಿತು. ಹಿತ್ತಲಿನ ಕೋಳಿಗೆ ಅಷ್ಟು ಬೇಡ. ನೆರಳು, ತಣ್ಣನೆ ನೀರು, ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ ಮೇವು ಸಾಕು.

ಒಂದೇ ಕೋಳಿ ಮೆತ್ತನೆ ಮೊಟ್ಟೆ ಇಡುತ್ತಿದ್ದರೆ ಅದರ ವಯಸ್ಸು ಅಥವಾ ಅಂಡನಾಳದ ದೋಷ ಇರಬಹುದು. ಹಲವು ಒಟ್ಟಿಗೆ ಶುರು ಮಾಡಿದರೆ ಮೇವು, ಸೆಕೆ ಅಥವಾ ರೋಗವನ್ನು ಅನುಮಾನಿಸಬೇಕು. ಕೊಕ್ಕರೆ ರೋಗ ಮತ್ತು ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಎರಡೂ ಚಿಪ್ಪು ಕೆಡಿಸುತ್ತವೆ. ಎರಡನೆಯದರಲ್ಲಿ ಚಿಪ್ಪು ಸುಕ್ಕುಗಟ್ಟಿ, ಲೋಳೆ ನೀರಾಗುತ್ತದೆ. ಚಿಪ್ಪು ಕೆಡಿಸುವ ಇನ್ನೊಂದು ರೋಗವಾದ, 1976ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಗುರುತಿಸಿದ ಎಗ್ ಡ್ರಾಪ್ ಸಿಂಡ್ರೋಮ್‌ನ ವೈರಸ್ ಬಾತುಕೋಳಿಗಳಲ್ಲಿ ಲಕ್ಷಣ ತೋರದೆ ಇರುತ್ತದೆ. ಬಾತು ಇಳಿಯುವ ಕೆರೆಯ ನೀರನ್ನು ಕೋಳಿಗೆ ಕುಡಿಸದಿರುವುದು ಕ್ಷೇಮ.

ಮೆತ್ತನೆ ಮೊಟ್ಟೆಯನ್ನು ಕಂಡ ತಕ್ಷಣ ತೆಗೆಯಬೇಕು. ರುಚಿ ಹತ್ತಿದರೆ ಕೋಳಿ ಗಟ್ಟಿ ಮೊಟ್ಟೆಯನ್ನೂ ಒಡೆದು ತಿನ್ನಲು ಕಲಿಯುತ್ತದೆ. ಮನುಷ್ಯರೂ ಅದನ್ನು ತಿನ್ನದಿರುವುದು ಲೇಸು, ಚಿಪ್ಪಿಲ್ಲದ ಪೊರೆ ಸೂಕ್ಷ್ಮಜೀವಿಗಳಿಗೆ ಅಷ್ಟಾಗಿ ತಡೆಯೊಡ್ಡುವುದಿಲ್ಲ.

ನಿಜವಾದ ಅಪಾಯ ಮೊಟ್ಟೆ ಒಳಗೇ ಸಿಕ್ಕಿಕೊಂಡಾಗ. ಅಂಡನಾಳದ ಸ್ನಾಯುಗಳಿಗೆ ಗಟ್ಟಿ ಮೊಟ್ಟೆಯನ್ನು ದೂಡುವುದು ಸುಲಭ, ಮೆತ್ತನೆಯದು ಹಿಡಿತಕ್ಕೆ ಸಿಗುವುದಿಲ್ಲ. ಕೋಳಿ ಬಾಲ ಇಳಿಬಿಟ್ಟು ನೆಟ್ಟಗೆ ನಿಂತು ಮುಕ್ಕುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ, ಹಿಕ್ಕೆ ನಿಲ್ಲುತ್ತದೆ. ಹೊಟ್ಟೆ ಮುಳುಗುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸಿ, ಒರೆಸಿ, ಬೆಚ್ಚಗಿನ ಕತ್ತಲೆ ಜಾಗದಲ್ಲಿಟ್ಟರೆ ಸ್ನಾಯು ಸಡಿಲಗೊಂಡು ಕೆಲವೊಮ್ಮೆ ಮೊಟ್ಟೆ ಹೊರಬರುತ್ತದೆ. ಹೊಟ್ಟೆ ಅಮುಕಬಾರದು. ಒಳಗೆ ಒಡೆದರೆ ಸೋಂಕಾಗಿ ಕೋಳಿ ಸಾಯಬಹುದು. ಕೆಲವು ಗಂಟೆಯಲ್ಲಿ ಫಲ ಕಾಣದಿದ್ದರೆ ಪಶುವೈದ್ಯರು ಕ್ಯಾಲ್ಸಿಯಂ ಚುಚ್ಚುಮದ್ದು ಕೊಡುತ್ತಾರೆ.

ಚಳಿಗಾಲದಲ್ಲಿ ಹಗಲು ಕಿರಿದಾದಂತೆ ಕೋಳಿ ಗರಿ ಉದುರಿಸಿ ಮೊಟ್ಟೆ ನಿಲ್ಲಿಸುತ್ತದೆ. ಫಾರಂಗಳು ದಿನಕ್ಕೆ 16 ಗಂಟೆ ದೀಪ ಉರಿಸಿ ಈ ಬಿಡುವನ್ನು ಮುಂದೂಡುತ್ತವೆ. ಮನೆಯಲ್ಲಿ ಗೂಡಿಗೆ ದೀಪ ಹಾಕದಿದ್ದರೆ ಆ ತಿಂಗಳುಗಳಲ್ಲಿ ಮೂಳೆ ಮತ್ತೆ ತುಂಬಿಕೊಳ್ಳುತ್ತದೆ, ಬಿಡುವಿನ ನಂತರದ ಮೊಟ್ಟೆಗಳ ಚಿಪ್ಪು ಸ್ವಲ್ಪ ಕಾಲ ಗಟ್ಟಿಯಾಗಿಯೇ ಇರುತ್ತದೆ. ಮೊಟ್ಟೆಗಿಂತ ಕೋಳಿ ಮುಖ್ಯ ಎನ್ನುವವರಿಗೆ ಇದಕ್ಕಿಂತ ಸುಲಭದ ಚಿಕಿತ್ಸೆ ಇಲ್ಲ. ಮೊಟ್ಟೆ ಮತ್ತೆ ಮತ್ತೆ ಒಳಗೇ ಸಿಕ್ಕಿಕೊಳ್ಳುವ ಕೋಳಿಗಳಿಗೆ ಬ್ರಿಟನ್‌ನ ಪಶುವೈದ್ಯರು ಚರ್ಮದಡಿ ಡೆಸ್ಲೊರೆಲಿನ್ ಎಂಬ ಹಾರ್ಮೋನಿನ ಗುಳಿಗೆ ಇಡುವುದುಂಟು. ಅದು ಕೆಲವು ತಿಂಗಳು ಅಂಡಾಶಯವನ್ನು ಸುಮ್ಮನಾಗಿಸುತ್ತದೆ. ಆ ಕೋಳಿಯ ಮೊಟ್ಟೆಯನ್ನಾಗಲೀ ಮಾಂಸವನ್ನಾಗಲೀ ತಿನ್ನುವಂತಿಲ್ಲ.