ಗುರುಮುಖ ಮತ್ತು ಆತ್ಮವಿಚಾರ: ಮಂಡ್ಯ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಅದ್ವೈತ ಧ್ಯಾನ ಹಾಗೂ ಆತ್ಮವಿಚಾರವನ್ನು ಕುರಿತ ಗ್ರಂಥಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ನಿಜಗುಣ ಶಿವಯೋಗಿಯ ಪರಮಾನುಭವಬೋಧೆ, ಮಹಲಿಂಗರಂಗನ ಅನುಭವಾಮೃತ, ಚಿದಾನಂದಾವಧೂತನ ಜ್ಞಾನಸಿಂಧು ಮೊದಲಾದ ಕೃತಿಗಳು ವೇದಾಂತದ ಸೂಕ್ಷ್ಮ ವಿಷಯಗಳನ್ನು ಸಂಸ್ಕೃತ ಬಾರದವರಿಗೂ ತಲುಪಿಸಿದವು. ಹೀಗಿದ್ದರೂ ಈ ವಿದ್ಯೆಯನ್ನು ಬದುಕಿರುವ ಗುರುವಿನ ಬಳಿಯೇ ಕಲಿಯಬೇಕೆಂಬ ನಿಲುವನ್ನು ನಮ್ಮ ಪರಂಪರೆಗಳು ಸಡಿಲಿಸಲಿಲ್ಲ. ಇದು ಕೇವಲ ಶ್ರದ್ಧೆಯ ಮಾತೇ, ಅಥವಾ ಆ ವಿದ್ಯೆಯ ಸ್ವರೂಪದಲ್ಲಿಯೇ ಇದಕ್ಕೆ ಕಾರಣವಿದೆಯೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶದ ಸ್ವರೂಪ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಈ ಪರಿಶೀಲನೆಗೆ ಅನುಕೂಲವಾದ ಕ್ಷೇತ್ರ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ರಾಮಾನುಜಾಚಾರ್ಯರ ನೆನಪಿನೊಂದಿಗೆ ಬೆಸೆದುಕೊಂಡ ವಿಶಿಷ್ಟಾದ್ವೈತ ಕೇಂದ್ರ. ಕಾವೇರಿಯ ದ್ವೀಪವಾದ ಶ್ರೀರಂಗಪಟ್ಟಣವು ಚಿಕ್ಕದೇವರಾಜ ಒಡೆಯರ (1673-1704) ಆಳ್ವಿಕೆಯಲ್ಲಿ ತಿರುಮಲಾರ್ಯ, ಚಿಕ್ಕುಪಾಧ್ಯಾಯರಂತಹ ಶ್ರೀವೈಷ್ಣವ ಕವಿಗಳಿಗೆ ಆಶ್ರಯ ನೀಡಿದ ರಾಜಧಾನಿ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಕಾಲಭೈರವನ ಸನ್ನಿಧಿಯಿರುವ ನಾಥಪಂಥದ ಪೀಠ. ಕೃಷ್ಣರಾಜಪೇಟೆ ತಾಲ್ಲೂಕಿನ ಪಶ್ಚಿಮದ ಗಡಿ ದಾಟಿದರೆ ಹೊಳೆನರಸೀಪುರ. ಇಪ್ಪತ್ತನೆಯ ಶತಮಾನದಲ್ಲಿ ಶಾಂಕರ ವೇದಾಂತದ ಬೋಧನೆಗೆ ಹೆಸರಾದ ಅಧ್ಯಾತ್ಮಪ್ರಕಾಶ ಕಾರ್ಯಾಲಯದ ನೆಲೆ ಅದು. ಹೀಗೆ ಒಂದು ದಿನದ ಪ್ರಯಾಣದಲ್ಲಿ ಸುತ್ತಿಬರಬಹುದಾದ ಸೀಮೆಯಲ್ಲಿ, 'ನಾನು ಯಾರು' ಎಂಬ ಒಂದೇ ಪ್ರಶ್ನೆಗೆ ಮೂರು ಬಗೆಯ ಉತ್ತರಗಳೂ, ಗುರುವಿಗೆ ಮೂರು ಬಗೆಯ ಸ್ಥಾನಗಳೂ ದೊರೆಯುತ್ತವೆ.

ಗ್ರಂಥವು ಕೇಳಿಸಿಕೊಳ್ಳಲಾರದು

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಗಂಧಾರ ದೇಶದವನೊಬ್ಬನ ದೃಷ್ಟಾಂತವಿದೆ. ಕಣ್ಣಿಗೆ ಬಟ್ಟೆ ಕಟ್ಟಿ ಅಡವಿಯಲ್ಲಿ ಬಿಡಲ್ಪಟ್ಟ ಅವನಿಗೆ ಯಾರೋ ಒಬ್ಬರು ಕಟ್ಟು ಬಿಚ್ಚಿ ದಿಕ್ಕು ತೋರಿಸುತ್ತಾರೆ. ಮುಂದೆ ಅವನೇ ಊರಿಂದೂರಿಗೆ ಕೇಳುತ್ತ ತನ್ನ ದೇಶವನ್ನು ಸೇರುತ್ತಾನೆ. ಆಚಾರ್ಯನನ್ನು ಪಡೆದವನು ತಿಳಿಯುತ್ತಾನೆಂಬ ಮಾತು ಬರುವುದು ಈ ಸಂದರ್ಭದಲ್ಲಿಯೇ. ಇಲ್ಲಿ ಆಚಾರ್ಯನು ಶಿಷ್ಯನನ್ನು ಹೊತ್ತುಕೊಂಡು ಹೋಗುವುದಿಲ್ಲ, ನಡೆಯುವ ಕೆಲಸ ಶಿಷ್ಯನದೇ ಎಂಬುದನ್ನು ಗಮನಿಸಬೇಕು. ಮುಂಡಕ ಉಪನಿಷತ್ತಿನ ಭಾಷ್ಯದಲ್ಲಿ ಶಂಕರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಶಾಸ್ತ್ರ ಬಲ್ಲವನು ಕೂಡ ಬ್ರಹ್ಮಜ್ಞಾನವನ್ನು ಸ್ವತಂತ್ರನಾಗಿ ಅರಸಬಾರದೆಂದು ಹೇಳುತ್ತಾರೆ.

ಇದಕ್ಕೆ ಕಾರಣವನ್ನು ಉಪದೇಶಸಾಹಸ್ರಿಯ ಗದ್ಯಭಾಗ ಸ್ಪಷ್ಟಪಡಿಸುತ್ತದೆ. ಅಲ್ಲಿ ಗುರು ಮೊದಲು ಸಿದ್ಧಾಂತವನ್ನು ಬಿಟ್ಟು ಶಿಷ್ಯನನ್ನು ನೀನು ಯಾರೆಂದು ಕೇಳುತ್ತಾನೆ. ಶಿಷ್ಯನು ತನ್ನ ವಂಶವನ್ನೂ ಆಶ್ರಮವನ್ನೂ ಹೇಳಿ ಪರಿಚಯಿಸಿಕೊಂಡರೆ, ಆ ಉತ್ತರದಲ್ಲಿಯೇ ದೋಷವಿದೆಯೆಂದು ಗುರು ತೋರಿಸುತ್ತಾನೆ. ಜಾತಿ, ವಂಶ, ಸಂಸ್ಕಾರಗಳು ಶರೀರಕ್ಕೆ ಸೇರಿದವು, ಕೇಳಿದ್ದು ಶರೀರವನ್ನಲ್ಲ. ಆತ್ಮವು ದೇಹಕ್ಕಿಂತ ಭಿನ್ನವೆಂಬುದನ್ನು ಓದಿ ಒಪ್ಪಿದವನು ಕೂಡ 'ನಾನು' ಎಂದು ಮಾತನಾಡುವಾಗ ದೇಹವನ್ನೇ ಹೇಳುತ್ತಿರುತ್ತಾನೆ. ಈ ಜಾರುವಿಕೆ ಅವನ ಮಾತಿನಲ್ಲಿ ಮಾತ್ರ ಗೋಚರವಾಗುತ್ತದೆ. ಅದನ್ನು ಹಿಡಿಯಬೇಕಾದರೆ ಕೇಳುವ ಕಿವಿಯೊಂದು ಎದುರಿಗಿರಬೇಕು. ಗ್ರಂಥವು ಓದುಗನಿಗೆ ಹೇಳಬಲ್ಲದು. ಆದರೆ ಓದುಗನ ಮಾತನ್ನು ಕೇಳಿಸಿಕೊಳ್ಳಲಾರದು.

ಹೊಳೆಯನ್ನು ದಾಟಿದ ಹತ್ತು ಮಂದಿಯ ಪ್ರಸಿದ್ಧ ದೃಷ್ಟಾಂತದ ತಾತ್ಪರ್ಯವೂ ಇದೇ. ಎಣಿಸುವವನು ತನ್ನನ್ನು ಬಿಟ್ಟು ಎಣಿಸಿ ಒಂಬತ್ತೇ ಮಂದಿಯೆಂದು ದುಃಖಿಸುತ್ತಾನೆ. ದಾರಿಹೋಕನೊಬ್ಬ ಹತ್ತನೆಯವನು ನೀನೇ ಎಂದಾಗ ದುಃಖ ಹೋಗುತ್ತದೆ. ದಾರಿಹೋಕನು ಹೊಸದೇನನ್ನೂ ಕೊಡಲಿಲ್ಲ; ಎಣಿಕೆಯ ತಪ್ಪನ್ನು ಹೊರಗೆ ನಿಂತು ಕಂಡನು.

ಹೊಳೆನರಸೀಪುರದ ಮಾದರಿ

ಈ ತತ್ತ್ವವನ್ನು ನಮ್ಮ ಕಾಲದಲ್ಲಿ ಬೋಧನಾಕ್ರಮವನ್ನಾಗಿ ಬೆಳೆಸಿದವರು ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು (1880-1975). ಪೂರ್ವಾಶ್ರಮದಲ್ಲಿ ವೈ. ಸುಬ್ಬರಾಯರೆಂಬ ಹೆಸರಿನ ಶಿಕ್ಷಕರಾಗಿದ್ದ ಅವರಿಗೆ ಶೃಂಗೇರಿ ಪೀಠದ ಅನುಗ್ರಹವೂ, ವೇದಾಂತಿ ಕೆ. ಎ. ಕೃಷ್ಣಸ್ವಾಮಿ ಅಯ್ಯರ್ ಅವರ ಒಡನಾಟವೂ ದೊರೆತಿತ್ತು. 1920ರಲ್ಲಿ ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿ, ಮುಂದೆ ಅದನ್ನು ಹೊಳೆನರಸೀಪುರದಲ್ಲಿ ನೆಲೆಗೊಳಿಸಿದರು. 1948ರಲ್ಲಿ ಸಂನ್ಯಾಸ ಸ್ವೀಕರಿಸಿದರು. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದುದು ಅವರ ಬಹು ದೊಡ್ಡ ಕೊಡುಗೆ.

1929ರಲ್ಲಿ ಪ್ರಕಟವಾದ ಅವರ ಸಂಸ್ಕೃತ ಕೃತಿ ಮೂಲಾವಿದ್ಯಾನಿರಾಸವು ಪಂಡಿತ ವಲಯದಲ್ಲಿ ತೀವ್ರ ಚರ್ಚೆಗೆ ಕಾರಣವಾಯಿತು. ಅವಿದ್ಯೆಯು ಜಗತ್ತಿಗೆ ಉಪಾದಾನವಾದ ಒಂದು ಭಾವರೂಪದ ವಸ್ತುವೆಂಬ ನಂತರದ ವ್ಯಾಖ್ಯಾನಕಾರರ ಮತವು ಶಂಕರರದಲ್ಲ, ಆತ್ಮ ಮತ್ತು ಅನಾತ್ಮಗಳನ್ನು ಒಂದರಲ್ಲೊಂದು ಬೆರೆಸಿ ತಿಳಿಯುವ ಅಧ್ಯಾಸವೇ ಅವಿದ್ಯೆ ಎಂಬುದು ಅವರ ವಾದ. ಶಾಸ್ತ್ರವಿವಾದದಂತೆ ಕಾಣುವ ಈ ಮಾತಿಗೆ ಸಾಧನೆಯಲ್ಲಿ ನೇರವಾದ ಪರಿಣಾಮವಿದೆ. ಅವಿದ್ಯೆಯು ವಸ್ತುವಾದರೆ ಅದನ್ನು ನಾಶಮಾಡಲು ಸಮಾಧಿಯಂತಹ ವಿಶೇಷ ಸ್ಥಿತಿ ಬೇಕೆನಿಸಬಹುದು. ಅದು ತಪ್ಪು ತಿಳಿವಳಿಕೆಯಾದರೆ ಬೇಕಾದದ್ದು ಸರಿಯಾದ ವಿವೇಚನೆ. ಆದ್ದರಿಂದಲೇ ಈ ಕ್ರಮದಲ್ಲಿ ಎಚ್ಚರ, ಕನಸು, ನಿದ್ರೆಗಳೆಂಬ ಎಲ್ಲರಿಗೂ ಸಾಮಾನ್ಯವಾದ ಮೂರು ಅವಸ್ಥೆಗಳ ಪರಿಶೀಲನೆ ಮುಖ್ಯವಾಗುತ್ತದೆ. ಎಚ್ಚರದ 'ನಾನು' ಕನಸಿನಲ್ಲಿ ಬದಲಾಗುತ್ತದೆ, ಗಾಢನಿದ್ರೆಯಲ್ಲಿ ಕಾಣುವುದಿಲ್ಲ. ಹೀಗೆ ಬಂದುಹೋಗುವುದು ನನ್ನ ಸ್ವರೂಪವಾಗಲಾರದು. ತುರೀಯವೆಂಬುದು ಇವುಗಳ ಆಚೆಗೆ ಕಾಲದಲ್ಲಿ ಬರುವ ನಾಲ್ಕನೆಯ ಸ್ಥಿತಿಯಲ್ಲ. ಮೂರನ್ನೂ ಬೆಳಗುವ ಆತ್ಮವೇ ಅದು. ಗುರುವು ಇಲ್ಲಿ ಅನುಭವವನ್ನು ದಯಪಾಲಿಸುವವನಲ್ಲ. ಶಿಷ್ಯನಿಗೆ ಆಗಲೇ ಇರುವ ಅನುಭವವನ್ನು ತಪ್ಪಾಗಿ ಅರ್ಥಮಾಡಿಕೊಳ್ಳದಂತೆ ತಿದ್ದುವವನು.

ಮೇಲುಕೋಟೆಯ ಆಕ್ಷೇಪ

ವಾಕ್ಯವನ್ನು ತಿಳಿದ ಮಾತ್ರಕ್ಕೆ ಬಿಡುಗಡೆಯಿಲ್ಲವೆಂಬುದು ರಾಮಾನುಜರು ಶ್ರೀಭಾಷ್ಯದ ಆರಂಭದಲ್ಲಿಯೇ ಎತ್ತುವ ಆಕ್ಷೇಪ. ವಾಕ್ಯಾರ್ಥ ತಿಳಿದವರಲ್ಲಿಯೂ ಭೇದದ ತೋರಿಕೆ ಉಳಿದಿರುವುದು ಕಾಣುತ್ತದೆ. ಆದುದರಿಂದ ಉಪನಿಷತ್ತುಗಳು ವಿಧಿಸುವ ಜ್ಞಾನವೆಂದರೆ ಪ್ರೀತಿಯಿಂದ ಕೂಡಿದ, ಎಡೆಬಿಡದ ಧ್ಯಾನರೂಪವಾದ ಸ್ಮರಣೆ ಎಂಬುದು ಅವರ ನಿಲುವು. ಅವರ ಮತದಲ್ಲಿ ಜೀವನು ಪರಮಾತ್ಮನಿಗೆ ಶೇಷನಾದವನು. ಆದುದರಿಂದ 'ನಾನು ಯಾರು' ಎಂಬ ಪ್ರಶ್ನೆಗೆ 'ನಾನು ಯಾರವನು' ಎಂಬುದೇ ಉತ್ತರ. ಆ ಸಂಬಂಧಕ್ಕೆ ಶಿಷ್ಯನನ್ನು ಸೇರಿಸುವವನು ಆಚಾರ್ಯ. ಚಿಕ್ಕದೇವರಾಜ ಬಿನ್ನಪವು ಮೇಲುಕೋಟೆಯ ನಾರಾಯಣನಿಗೆ ಸಲ್ಲಿಸಿದ ಅರಿಕೆಗಳ ರೂಪದಲ್ಲಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣ. ಶ್ರೀರಂಗಪಟ್ಟಣದ ದೊರೆಯ ಹೆಸರಿನ ಈ ಕೃತಿಯಲ್ಲಿ ತತ್ತ್ವವಿಚಾರವೂ ವಿನಂತಿಯ ಭಾಷೆಯಲ್ಲಿಯೇ ನಡೆಯುತ್ತದೆ. ಮೇಲುಕೋಟೆಯ ನಿಲುವು ಅದ್ವೈತವಲ್ಲ. ಆದರೆ ತಿಳಿದದ್ದು ಬದುಕಿನಲ್ಲಿ ಇಳಿದಿದೆಯೇ ಎಂಬ ಅದರ ಪ್ರಶ್ನೆಯನ್ನು ಅದ್ವೈತದ ಶಿಷ್ಯನೂ ಎದುರಿಸಲೇಬೇಕು.

ನಾಥಪಂಥದ ದೀಕ್ಷೆ

ನಾಥಸಿದ್ಧರು ಪರಮತತ್ತ್ವವನ್ನು ದ್ವೈತಾದ್ವೈತವಿಲಕ್ಷಣ, ಅಂದರೆ ಎರಡೆಂಬ ಮಾತಿಗೂ ಒಂದೆಂಬ ಮಾತಿಗೂ ಸಿಕ್ಕದ್ದೆಂದು ವರ್ಣಿಸುತ್ತಾರೆ. ಅಲ್ಲಿ ದೇಹವು ನಿರಾಕರಿಸಬೇಕಾದುದಲ್ಲ, ಸಾಧನೆಯ ಕ್ಷೇತ್ರ. ಪ್ರಾಣ, ನಾಡಿ, ನಾದಗಳ ಅಭ್ಯಾಸದಲ್ಲಿ ಎಡವಿದರೆ ದೇಹಕ್ಕೇ ಅಪಾಯವಾದುದರಿಂದ ಗುರುವಿನ ಸಾನ್ನಿಧ್ಯ ಅನಿವಾರ್ಯ. ಜೋಗಿಗಳ ಕಿವಿಯ ಕುಂಡಲ ಈ ಗುರುದೀಕ್ಷೆಯ ಗುರುತು. 1974ರಿಂದ 2013ರವರೆಗೆ ಆದಿಚುಂಚನಗಿರಿಯ ಪೀಠದಲ್ಲಿದ್ದ ಶ್ರೀ ಬಾಲಗಂಗಾಧರನಾಥ ಸ್ವಾಮಿಗಳ ಕಾಲದಲ್ಲಿ ಮಠವು ವಿದ್ಯಾಸಂಸ್ಥೆ, ಆಸ್ಪತ್ರೆಗಳ ಮೂಲಕ ವ್ಯಾಪಕವಾಗಿ ಬೆಳೆಯಿತು. ಗುರುಸೇವೆಯು ಸಮಾಜಸೇವೆಯ ರೂಪ ತಳೆದ ಬಗೆಯನ್ನು ಇಲ್ಲಿ ಕಾಣಬಹುದು.

ದೇಹಸಿದ್ಧಿಯು ಸಾಧಕನನ್ನು ಎಲ್ಲಿ ನಿಲ್ಲಿಸಿಬಿಡಬಹುದೆಂಬುದಕ್ಕೆ ಚಾಮರಸನ ಪ್ರಭುಲಿಂಗಲೀಲೆಯ ಗೋರಕ್ಷನ ಪ್ರಸಂಗ ಸಾಕ್ಷಿ. ಕತ್ತಿಯ ಏಟಿಗೂ ಜಗ್ಗದ ವಜ್ರದೇಹ ಗೋರಕ್ಷನದು. ಅಲ್ಲಮನ ಮೇಲೆ ಬೀಸಿದ ಕತ್ತಿಗೆ ಬಯಲಿನಲ್ಲಿ ಬೀಸಿದಂತೆ ಏನೂ ತಾಗುವುದಿಲ್ಲ. ಗಟ್ಟಿಯಾದದ್ದೇ ಸಿದ್ಧಿಯೆಂದುಕೊಂಡಿದ್ದ ಯೋಗಿ ಅಲ್ಲಿ ಶಿಷ್ಯನಾಗುತ್ತಾನೆ. ನಾಥಪಂಥದ ಮೂಲಪುರುಷನನ್ನೇ ಹೀಗೆ ಚಿತ್ರಿಸಿರುವುದು ವೀರಶೈವ ಕಾವ್ಯದ ದೃಷ್ಟಿಯೆಂಬುದು ನಿಜ. ಆದರೆ ಸಾಧಕನು ತನ್ನ ಸಾಧನೆಯ ಕೊರತೆಯನ್ನು ತಾನೇ ಕಾಣಲಾರನೆಂಬ ಅದರ ಒಳನೋಟ ಪಂಥಭೇದವನ್ನು ಮೀರಿದ್ದು.

ಗುರುವಿನ ಮಿತಿ

ಇಷ್ಟರಿಂದ ಗುರುವಿನ ಮಾತೇ ಕೊನೆಯ ಪ್ರಮಾಣವೆಂದು ತೀರ್ಮಾನಿಸಲಾಗದು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಜನಿಸಿದ ಎ. ಎನ್. ಮೂರ್ತಿರಾಯರು (1900-2003) ತಮ್ಮ 'ದೇವರು' ಕೃತಿಯಲ್ಲಿ ನಂಬಿಕೆಯನ್ನು ವಿಚಾರದ ಕಟಕಟೆಗೆ ತಂದು ನಿಲ್ಲಿಸಿದರು. ಅಂತಹ ವಿಚಾರವಾದಿಯ ಮುಂದೆ ಆತ್ಮವಿದ್ಯೆಯು ಗುರುವಾಕ್ಯವನ್ನಷ್ಟೇ ಮುಂದಿಟ್ಟರೆ ಸಾಲದು. ಮುಂಡಕವು ಗುರುವಿಗೆ ಎರಡು ಲಕ್ಷಣಗಳನ್ನು ವಿಧಿಸುತ್ತದೆ: ಅವನು ಶ್ರೋತ್ರಿಯನಾಗಿರಬೇಕು, ಬ್ರಹ್ಮನಿಷ್ಠನಾಗಿರಬೇಕು. ಮೊದಲನೆಯದನ್ನು ಅವನ ಬೋಧನೆಯಿಂದ ಪರೀಕ್ಷಿಸಬಹುದು, ಎರಡನೆಯದನ್ನು ಅವನ ನಡತೆಯಿಂದ ಊಹಿಸಬಹುದಷ್ಟೆ. ಮೂರನೆಯ ಒರೆಗಲ್ಲು ಶಿಷ್ಯನಲ್ಲಿಯೇ ಇದೆ. ಮೂರು ಅವಸ್ಥೆಗಳು ಅವನವೇ ಆದುದರಿಂದ ಗುರು ಹೇಳಿದ್ದನ್ನು ಅಲ್ಲಿಯೇ ಹೋಲಿಸಿ ನೋಡಬಹುದು. ಶ್ರವಣದ ನಂತರ ಮನನವನ್ನು ವಿಧಿಸಿರುವುದು ಇದಕ್ಕಾಗಿಯೇ. ಪ್ರಶ್ನೆ ಕೇಳುವುದು ಅವಿನಯವೆನಿಸುವಂತಹ ಭಕ್ತಿ ಬೆಳೆದ ಕಡೆ ಆತ್ಮವಿಚಾರ ಉಳಿಯುವುದಿಲ್ಲ. ಉಳಿಯುವುದು ಅವಲಂಬನೆ ಮಾತ್ರ.

ಉಪಸಂಹಾರ

ಗುರುಮುಖದ ಅಗತ್ಯಕ್ಕೆ ಈ ಸೀಮೆಯ ಮೂರು ಪರಂಪರೆಗಳು ಕೊಡುವ ಕಾರಣಗಳು ಬೇರೆಬೇರೆ: ಒಂದರಲ್ಲಿ ತಪ್ಪು ತಿಳಿವಳಿಕೆಯ ನಿವಾರಣೆ, ಇನ್ನೊಂದರಲ್ಲಿ ಸಂಬಂಧದ ಘಟನೆ, ಮತ್ತೊಂದರಲ್ಲಿ ಅಭ್ಯಾಸದ ರಕ್ಷಣೆ. ಶಿಷ್ಯನು ತನ್ನ ತಪ್ಪನ್ನು ತಾನೇ ಕಾಣಲಾರನೆಂಬುದು ಮೂರಕ್ಕೂ ಸಾಮಾನ್ಯವಾದ ನೆಲೆಗಟ್ಟು. ಸಂಶೋಧಕರಿಗೆ ಇಲ್ಲೊಂದು ಕರ್ತವ್ಯವಿದೆ. ನಮ್ಮ ಗ್ರಂಥಾಲಯಗಳು ಆಚಾರ್ಯರ ಉತ್ತರಗಳನ್ನು ಮುದ್ರಿತ ಗ್ರಂಥಗಳಲ್ಲಿ ಕಾಪಾಡಿವೆ. ಪಾಠದ ನಡುವೆ ಎದ್ದ ಶಿಷ್ಯರ ಪ್ರಶ್ನೆಗಳು, ಅವರು ತಡವರಿಸಿದ ಎಡೆಗಳು, ಗುರು ತಿದ್ದಿದ ಬಗೆ ಇವು ಹೆಚ್ಚಾಗಿ ಕೇಳಿದವರ ನೆನಪಿನಲ್ಲಿಯೂ, ಟಿಪ್ಪಣಿಗಳಲ್ಲಿಯೂ, ಹಳೆಯ ಧ್ವನಿಸುರುಳಿಗಳಲ್ಲಿಯೂ ಚದುರಿವೆ. ಆ ತಲೆಮಾರು ಮರೆಯಾಗುವ ಮುನ್ನ ಅವುಗಳನ್ನು ಸಂಗ್ರಹಿಸಿ, ಪ್ರಶ್ನೆ ಮತ್ತು ಉತ್ತರಗಳನ್ನು ಒಟ್ಟಿಗೆ ಸಂಪಾದಿಸಿದಲ್ಲಿ ಮಾತ್ರ ಈ ವಿದ್ಯೆಯನ್ನು ಕಲಿಸುತ್ತಿದ್ದ ಕ್ರಮವು ಮುಂದಿನ ಅಧ್ಯಯನಕ್ಕೆ ದೊರೆಯುತ್ತದೆ.