ಡಿಶ್‌ಗೊಂದು, ಮನೆಗೊಂದು ಅರ್ಥಿಂಗ್ ಇದ್ದರೆ ಸಾಕೇ?

ಬೋಧನಾಭ್ಯಾಸದಲ್ಲಿ ಹತ್ತನೇ ತರಗತಿಗೆ ಭೂಸಂಪರ್ಕ ತಂತಿಯ ಪಾಠ ಮಾಡುತ್ತಿದ್ದೆ. “ತಾರಸಿಯ ಡಿಶ್ ಕಂಬಕ್ಕೆ ಬೇರೆ ಅರ್ಥಿಂಗ್ ಹಾಕಿದರೆ ಸಾಕಾ ಸರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. “ಸಾಕು” ಎಂದುಬಿಟ್ಟೆ. ಅದು ಅಪಾಯಕಾರಿ ತಪ್ಪು.

ಮರುದಿನ ಓಮ್‌ನ ನಿಯಮದಿಂದಲೇ ತಿದ್ದಿದೆ. ಸಿಡಿಲಿನ 10,000 ಆಂಪೇರ್ ಪ್ರವಾಹ 10 ಓಮ್ ರೋಧದ ಅರ್ಥಿಂಗ್‌ನಲ್ಲಿ ಇಳಿಯಿತೆನ್ನೋಣ. ಎರಡನ್ನೂ ಗುಣಿಸಿದರೆ 1,00,000 ವೋಲ್ಟ್. ಕಂಬದ ವಿಭವ ಅಷ್ಟು ಏರಿದಾಗ ದೂರದಲ್ಲಿರುವ ಮನೆಯ ಅರ್ಥಿಂಗ್ ಬಹಳ ಕೆಳಗೇ ಉಳಿಯುತ್ತದೆ. ಈ ವಿಭವಾಂತರ ಕೇಬಲ್ ಮೂಲಕ ಒಳಬಂದು ಸೆಟ್‌ಟಾಪ್ ಬಾಕ್ಸ್, ಟಿ.ವಿ., ಅವನ್ನು ಮುಟ್ಟಿದವರ ಮೈಯಲ್ಲೂ ದಾರಿ ಹುಡುಕುತ್ತದೆ.

ಆದ್ದರಿಂದ ಕಂಬ, ಕೇಬಲ್‌ನ ಲೋಹದ ಹೊರಹೆಣಿಗೆ, ಬೇರೆ ರಾಡ್ ಇದ್ದರೆ ಅದು, ಎಲ್ಲವನ್ನೂ ಮನೆಯ ಮುಖ್ಯ ಅರ್ಥಿಂಗ್‌ಗೆ ಜೋಡಿಸಬೇಕು. ಇದೇ ಬಾಂಡಿಂಗ್. ಕಂಬದಿಂದಿಳಿಯುವ ತಾಮ್ರದ ತಂತಿಗೆ ಅಂತರರಾಷ್ಟ್ರೀಯ ಮಾನಕ ಹೇಳುವ ಕನಿಷ್ಠ ಅಡ್ಡಕೊಯ್ತ 16 ಚದರ ಮಿ.ಮೀ. ಆಗ ಒಂದೇ ಕೆರೆಯ ತೆಪ್ಪಗಳಂತೆ ಎಲ್ಲವೂ ಒಟ್ಟಿಗೆ ಏರಿಳಿಯುತ್ತವೆ. ಆದರೂ ಗುಡುಗುವಾಗ ಕೇಬಲ್ ಮುಟ್ಟಬಾರದು. ಜೋಡಣೆ ಎಲೆಕ್ಟ್ರಿಷಿಯನ್ ಕೆಲಸ.

‘ಭೂಮಿಯ ವಿಭವ ಸೊನ್ನೆ’ ಎಂದಷ್ಟೇ ಬೋರ್ಡಿನಲ್ಲಿ ಬರೆದದ್ದು ನನ್ನ ತಪ್ಪಿನ ಮೂಲ. ಪಾಠಯೋಜನೆಯಲ್ಲಿ ಈಗ ಇನ್ನೊಂದು ಸಾಲಿದೆ: ‘ಭೂಸಂಪರ್ಕಕ್ಕೂ ರೋಧವಿದೆ.’